ಜ್ವರದ ಬಿಸ್ಕತ್ತು

ಅರವತ್ತರ ದಶಕದಲ್ಲಿ ನಮ್ಮ ಶಿಡ್ಲಘಟ್ಟದ ಕಡೆ ಬಿಸ್ಕತ್ತು ಅಂದರೆ ಜ್ವರ ಬಂದವರ ತಿಂಡಿ. ನನಗೂ ಅದು ಗೊತ್ತಿತ್ತು. ಆದರೂ ಚಿಂತಾಮಣಿ ಬಸ್ ಸ್ಟ್ಯಾಂಡಿನಲ್ಲಿ ನೊಣ ಮುತ್ತಿದ್ದ ಬೋಂಡ ನೋಡಿ ಮನಸ್ಸು ಒಪ್ಪದೆ, ಜೊತೆಗಿದ್ದು ಹಸಿವು ಅಂತಿದ್ದ ಮಗಳಿಗೆ ಒಂದು ಬಿಸ್ಕತ್ತಿನ ಪ್ಯಾಕೆಟ್ಟು ತಗೊಂಡೆ. ಅದರ ಮೇಲಿದ್ದ ಇಂಗ್ಲಿಷು ನನಗೆ ಓದಲು ಬರುತ್ತಿರಲಿಲ್ಲ. ದಾರಿಯುದ್ದಕ್ಕೂ ತಿರುಗಿಸಿ ನೋಡಿದೆ, ಮೂಸಿದೆ, ಕೊಡಲೋ ಬೇಡವೋ ಅಂತ ಒದ್ದಾಡಿದೆ. ಕೊನೆಗೆ ಮನೆಗೆ ಬಂದು ಕೊಟ್ಟೆ.

ನಮ್ಮತ್ತೆ ಪ್ಯಾಕೆಟ್ಟು ಕಂಡವರೇ ಮಗುವಿನ ಹಣೆ ಮುಟ್ಟಿದರು. "ಯಾವತ್ತಿಂದಮ್ಮ ಜ್ವರ?"

"ಜ್ವರ ಅಲ್ಲ ಅತ್ತೆ, ಹಸಿವು," ಅಂತ ಸಿಡುಕಿದೆ.

ಅವರು ನಂಬಲಿಲ್ಲ. ಪಕ್ಕದ ಮನೆಯಾಕೆಯೂ ಬಂದು ಮುಟ್ಟಿ ನೋಡಿ ಹೋದಳು. ಸಂಜೆಯೊಳಗೆ ನಾನೇ ಮೂರು ಸಲ ಹಣೆ ಮುಟ್ಟಿದ್ದೆ. ಮೂರನೇ ಸಲ ಬಿಸಿ ಅನ್ನಿಸಿತು.