ಗಾಡಿ ಬಡಗಿ ಹೊಡೆದ ಸ್ಕ್ರೂಗಳು

ನನ್ನ ಗಂಡ ಸೂಳೆಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ಕಾಮಾಲೆಯಾಗಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಉಳಿದದ್ದು ನಾನು, ಮೈದುನ, ದಡದಲ್ಲಿ ಎಳೆದುಹಾಕಿದ್ದ ದೋಣಿ. ನನಗೆ ಅಳು ಬಂದಿರಲಿಲ್ಲ. ಬಂದವರೆಲ್ಲ ಅತ್ತು ಹಗುರಾಗಿ ಹೋದರು. ನಾನು ಅವರಿಗೆ ಚಾ ಕಾಸಿಕೊಟ್ಟೆ. ಕಲ್ಲುಮನಸ್ಸಿನವಳು ಅಂತ ಯಾರೋ ಅಂದಿದ್ದೂ ಕಿವಿಗೆ ಬಿತ್ತು. ಅನ್ನಲಿ ಬಿಡು ಅಂದುಕೊಂಡೆ.

ದೋಣಿಯನ್ನು ಹೊನ್ನಾಳಿಯ ನೆಂಟರೊಬ್ಬರಿಗೆ ಕೊಟ್ಟುಬಿಡುವುದೆಂದು ಹಿರಿಯರು ಮಾತಾಡಿಕೊಂಡಿದ್ದರು. ಹೆಂಗಸು ಹುಟ್ಟು ಹಾಕುತ್ತಾಳೆಯೇ ಅನ್ನುವುದು ಅವರ ವಾದ. ಗಂಡ ಬಲೆ ಬಿಡುವಾಗ ಹುಟ್ಟು ಹಾಕುತ್ತಿದ್ದವಳೇ ನಾನು. ನನಗೆ ಗೊತ್ತಿದ್ದ ಬದುಕೂ ಅದೊಂದೇ. ಅದನ್ನು ಬಾಯಿಬಿಟ್ಟು ಹೇಳುವಷ್ಟು ಜೀವ ಆಗ ನನ್ನಲ್ಲಿರಲಿಲ್ಲ.

"ಪಕ್ಕದ ಪಟ್ಟಿ ಅಲ್ಲಾಡ್ತೈತೆ ಅತ್ತಿಗೆ. ಅವರು ಬರೋದ್ರೊಳಗೆ ಬಿಗಿ ಮಾಡಾನ," ಎಂದ ಮೈದುನ.

ದೋಣಿಯ ಹೊರಮೈಗೆ ಅಂಚಿನುದ್ದಕ್ಕೂ ಒಂದು ಮರದ ಪಟ್ಟಿ ಇರುತ್ತದೆ. ದಡದ ಕಲ್ಲಿಗೆ ತಾಗಿದಾಗ ಪೆಟ್ಟೆಲ್ಲ ಅದಕ್ಕೇ ಬೀಳಬೇಕು. ನಮ್ಮ ಕಡೆ ದೋಣಿ ಮಾಡುವ ಬಡಗಿ ಎಲ್ಲಿಂದ ಬರಬೇಕು? ಗಾಡಿ ಬಡಗಿಯಿಂದಲೇ ಹಾಕಿಸಿದ್ದೆವು. ಆ ಪುಣ್ಯಾತ್ಮ ಗಾಡಿಗೆ ಮೊಳೆ ಹೊಡೆದ ಹಾಗೆ ಸ್ಕ್ರೂಗಳನ್ನೂ ಸುತ್ತಿಗೆಯಿಂದ ಬಡಿದು ಕೂರಿಸಿದ್ದ. ನೀರು ಕುಡಿದು ತೂತುಗಳೆಲ್ಲ ಸಡಿಲಾಗಿದ್ದವು.

ಹಿಂದಿನ ತುದಿಯಿಂದ ಶುರು ಮಾಡಿದೆವು. ಸ್ಕ್ರೂಗಳು ಬೆರಳಿಗೇ ಕಿತ್ತು ಬಂದವು. ನಾನು ಬಿದಿರು ಸೀಳಿ ಬೆಣೆ ಮಾಡಿ ತೂತಿಗೆ ಜಡಿದೆ. ಮೈದುನ ಬೆಣೆಯೊಳಕ್ಕೆ ಸ್ಕ್ರೂ ತಿರುಗಿಸಿ ಬಿಗಿ ಮಾಡಿದ. ಒಮ್ಮೆ ಸುತ್ತಿಗೆ ನನ್ನ ಹೆಬ್ಬೆರಳಿಗೇ ಬಿತ್ತು. ಉಗುರಿನಡಿ ರಕ್ತ ಕಟ್ಟಿತು. ನೋವೇನೂ ತಿಳಿಯಲಿಲ್ಲ, ಬೆಣೆ ಜಡಿಯುತ್ತಲೇ ಹೋದೆ.

ದೋಣಿಯ ಮೂತಿಯ ಹತ್ತಿರ ಬಂದಾಗ ಸ್ಕ್ರೂ ಜಗ್ಗಲಿಲ್ಲ. ಅದರ ಮುಂದಿನದೂ ಜಗ್ಗಲಿಲ್ಲ. ಮೈದುನ ಬಗ್ಗಿ ನೋಡಿದ. ಸ್ಕ್ರೂ ತಲೆಯ ಪಕ್ಕದಲ್ಲಿ ಬಿದಿರಿನ ಚೂರು ಕಾಣುತ್ತಿತ್ತು.

"ಇವು ಅಣ್ಣ ಹಾಕಿದ್ದು. ಜಡ್ಡಿಗೆ ಬೀಳಾಕೆ ಮೊದಲು ಈ ಕಡೆಯಿಂದ ಶುರು ಮಾಡಿದ್ದ. ಇವನ್ನ ಮುಟ್ಟಾದು ಬ್ಯಾಡ ಅತ್ತಿಗೆ."

ತಲೆಯಾಡಿಸಿದೆ. ಅವರು ಬಿಟ್ಟ ಜಾಗಕ್ಕೆ ನಾವು ಬಂದು ಸೇರಿದ್ದೆವು. ಆಗಲೂ ಅಳು ಬರಲಿಲ್ಲ.

ಪಟ್ಟಿ ಬಿಗಿಯಾಗಿದೆಯೋ ಎಂದು ನೋಡಲು ನನ್ನ ಗಂಡ ಬೇಕೆಂತಲೇ ದೋಣಿಯನ್ನು ದಡದ ಕಲ್ಲಿಗೆ ಗುದ್ದಿಸುತ್ತಿದ್ದರು. ಹುಚ್ಚು ಹಿಡಿದಿದೆಯಾ ಅಂತ ನಾನು ಬೈಯುತ್ತಿದ್ದೆ. ಅಂದು ಮೈದುನನೂ ನಾನೂ ಸೇರಿ ದೋಣಿಯನ್ನು ನೀರಿಗೆ ತಳ್ಳಿದ ಮೇಲೆ ನಾನೇ ಹತ್ತಿ, ಹುಟ್ಟು ಹಾಕಿ, ತಿರುಗಿ ಬಂದು ಕಲ್ಲಿಗೆ ಗುದ್ದಿಸಿದೆ.

ಪಟ್ಟಿ ಕದಲಲಿಲ್ಲ. ಹುಟ್ಟು ಅದುರಿ ಹೆಬ್ಬೆರಳು ಜೀವ ಹೋಗುವಷ್ಟು ನೋಯಿತು. ಅವರು ಹೋದ ಮೇಲೆ ನನಗೆ ನೋವು ಗೊತ್ತಾಗಿದ್ದು ಅದೇ ಮೊದಲು. ದೋಣಿಯಲ್ಲೇ ಕುಕ್ಕರಿಸಿ ಜೋರಾಗಿ ಅತ್ತೆ. ಮೈದುನ ಮೊಣಕಾಲುದ್ದ ನೀರಲ್ಲಿ ದೋಣಿ ಹಿಡಿದು ನಿಂತಿದ್ದ.

"ಹೊನ್ನಾಳಿಯವರಿಗೆ ಹೇಳಿ ಕಳಿಸಪ್ಪ," ಎಂದೆ ಕೊನೆಗೆ. "ಬರಬ್ಯಾಡ್ರಿ ಅನ್ನು. ದೋಣಿ ನನಗೆ ಬೇಕು."