ಖಂಡೇನವಮಿಯ ಮರುದಿನ ಸಿಕ್ಕ ಹಾಳೆ

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಈಗ ನಾನೇ ಹೇಳಲು ಕುಳಿತಿದ್ದೇನೆ. ನಗುವವರು ನಕ್ಕುಬಿಡಿ.

ತೊಂಬತ್ತರ ದಶಕದ ಕೊನೆ. ಶಹಾಬಾದಿನ ಕಾಲೇಜಿನಲ್ಲಿ ಪಾಠ ಮಾಡುತ್ತ, ಸಿಲಿಕೋನಿನ ಉದ್ದ ಅಣುಸರಪಳಿಗಳು ಕಾದಾಗ ಹೇಗೆ ತುಂಡಾಗುತ್ತವೆಂದು ಪಿಎಚ್‌ಡಿಗಾಗಿ ನೋಡುತ್ತಿದ್ದೆ. ಆ ತುಂಡುಗಳನ್ನು ತೂಗಿ ಕಾಗದದ ಮೇಲೆ ಗೆರೆ ಎಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇದ್ದದ್ದು ವಾಡಿ ಹತ್ತಿರದ ಒಂದು ಪ್ರಯೋಗಾಲಯದಲ್ಲಿ. ಹಳೆಯ ಯಂತ್ರ. ಅದರ ಪಂಪಿನ ಎಣ್ಣೆಯೂ ಸಿಲಿಕೋನೇ! ತೂಕದ ಅಳತೆಯಲ್ಲಿ ನನ್ನ ತುಂಡಿನ ಗೆರೆಯೂ 207ಕ್ಕೆ, ಎಣ್ಣೆಯದೂ 207ಕ್ಕೆ. ಯಾವುದು ಯಾರದು? ಎರಡು ವರ್ಷ ಇದೇ ಗೋಳು. ಕೊನೆಗೆ ಭಾರದ ಹೈಡ್ರೋಜನ್ ಇರುವ ಸಿಲಿಕೋನ್ ತರಿಸಿದೆ. ಅದು ಒಡೆದರೆ ತುಂಡಿನ ತೂಕ ಹೆಚ್ಚಿ, ಗೆರೆ ಎಣ್ಣೆಯದರಿಂದ ದೂರ, 222ಕ್ಕೆ ಬೀಳಬೇಕು. ಸೀಲು ಮಾಡಿದ ಗಾಜಿನ ನಳಿಕೆಯಲ್ಲಿ ಒಂದೇ ಸಲಕ್ಕಾಗುವಷ್ಟಿತ್ತು. ಪ್ರಬಂಧದ ಗಡುವಿಗೆ ಒಂದು ವಾರ ಉಳಿದಿತ್ತು.

ಅಷ್ಟರಲ್ಲಿ ಖಂಡೇನವಮಿ ಬಂತು, ನಮ್ಮ ಕಡೆಯ ಆಯುಧಪೂಜೆ. ಯಂತ್ರ ನೋಡಿಕೊಳ್ಳುತ್ತಿದ್ದ ಸೇಡಂ ಕಡೆಯ ಆಚಾರ್ಯರು ಮೇನ್ ಸ್ವಿಚ್ ಬಂದ್ ಮಾಡಿ, ಯಂತ್ರಕ್ಕೆ ಕುಂಕುಮ ಹಚ್ಚಿ, ಬಾಗಿಲಿಗೆ ಬೀಗ ಜಡಿದರು. ಎಷ್ಟು ಬೇಡಿಕೊಂಡರೂ ಅಷ್ಟೇ.

"ಇವತ್ತ ಅದನ್ನ ಮುಟ್ಟಂಗಿಲ್ರಿ ಸರ್. ವರ್ಷಾನಗಟ್ಲೆ ದುಡಿತದ, ಒಂದಿನ ಕುಂದ್ರಲಿ ಬಿಡ್ರಿ," ಅಂದರು.

ಮೈಯೆಲ್ಲ ಉರಿಯಿತು. ನಳಿಕೆಯನ್ನು ಜೇಬಿಗಿಳಿಸಿ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಇಬ್ಬರೂ ಸೇರಿಯೇ ಬೀಗ ತೆಗೆದೆವು. ಸ್ವಿಚ್ ಬಂದ್ ಇದ್ದ ಹಾಗೇ ಇತ್ತು. ಆದರೆ ಯಂತ್ರದ ಪೆನ್ನಿನ ಕೆಳಗಿನಿಂದ ಮೊಳದುದ್ದ ಕಾಗದ ಹೊರಬಂದಿತ್ತು. ಅದರ ಮೇಲೆ 222ಕ್ಕೆ ಎತ್ತರದ ಗೆರೆ. 207ರ ಜಾಗ ಖಾಲಿ.

"ನಿನ್ನೆ ಕದ್ದು ಚಾಲೂ ಮಾಡೀರೇನ್ರಿ?" ಎಂದು ಆಚಾರ್ಯರು ಕೇಳಿದರು.

"ಕೀಲಿಕೈ ನಿಮ್ಮ ಜನಿವಾರದಾಗೇ ಅದಲ್ರಿ!" ಎಂದು ರೇಗಿ, ಒಡೆಯದ ನಳಿಕೆಯನ್ನು ಅವರ ಮುಖಕ್ಕೆ ಹಿಡಿದೆ. ಯಾರೋ ಚೇಷ್ಟೆ ಮಾಡಿದರು ಅನ್ನೋಣವೆಂದರೆ, 222 ಎಂಬುದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಯಂತ್ರ ಸಿದ್ಧವಾಗುವಷ್ಟರಲ್ಲಿ ಮಧ್ಯಾಹ್ನವಾಯಿತು. ನಳಿಕೆ ಒಡೆದು, ಇದ್ದದ್ದೆಲ್ಲವನ್ನೂ ಹಾಕಿ ಕಾಯಿಸಿದೆ. ಬಂದದ್ದು ಅದೇ ದರಿದ್ರ 207. 222ರಲ್ಲಿ ಏನೂ ಇಲ್ಲ. ಎರಡು ವರ್ಷದ ದುಡಿಮೆ ಕಣ್ಣೆದುರಿಗೇ ಹೋಯಿತು. ತಲೆ ಹಿಡಿದು ಕುಳಿತೆ.

ಆಚಾರ್ಯರು ಬೆಳಗಿನ ಹಾಳೆಯನ್ನು ತಂದು ನನ್ನ ಮುಂದಿಟ್ಟರು. ಆಮೇಲೆ ಮೆಲ್ಲಗೆ, "ಆ ಹಾಳಿ ಮ್ಯಾಲೆ ಇವತ್ತಿನ ತಾರೀಖ ಹಾಕ್ರಿ ಸರ್. ನಾ ಸಹಿ ಮಾಡ್ತೀನಿ," ಅಂದರು. ಏಕಾದಶಿಯ ದಿನ ನೀರನ್ನೂ ಮುಟ್ಟದ ಮನುಷ್ಯ, ನನಗಾಗಿ ಸುಳ್ಳಿಗೆ ಸಹಿ ಹಾಕಲು ಸಿದ್ಧರಾಗಿದ್ದರು.

ಪೆನ್ನು ತೆಗೆದು ತಾರೀಖು ಬರೆದೆ. ಅದರ ಕೆಳಗೆ, ಯಾವ ಮಾದರಿಯ ಪರೀಕ್ಷೆ ಎಂದು ಬರೆಯುವ ಜಾಗ. ಅಲ್ಲಿ ಕೈ ನಿಂತಿತು. ಆಚಾರ್ಯರು ಸಹಿಗೆ ಕಾಯುತ್ತ ಪಕ್ಕದಲ್ಲೇ ನಿಂತಿದ್ದರು. ನಾನು ಏನೆಂದು ಬರೆಯಲಿ?

ನನ್ನ ಹೆಸರಿನ ಮುಂದೆ ಡಾಕ್ಟರ್ ಎಂಬುದು ಬರಲೇ ಇಲ್ಲ. ಹಾಳೆಯ ಮೇಲಿನ ಆ ಜಾಗ ಈಗಲೂ ಖಾಲಿಯೇ ಇದೆ.