ಜಬೀನಾಳ ಹಗುರ ಡಬ್ಬಿ

ಜಬೀನಾಳ ಮನೆಗೆ ಹೋದವರಿಗೆ ಚಹಾ ತಪ್ಪುತ್ತಿರಲಿಲ್ಲ. ಆಕೆಯದು ಧಾರಾಳ ಕೈ ಎಂದು ಶಹಾಬಾದಿನ ಅರ್ಧ ಊರು ಹೊಗಳುತ್ತಿತ್ತು. ಧಾರಾಳವೇನೋ ಹೌದು, ಇಲ್ಲವೆನ್ನಲಾರೆ. ಆದರೆ ಆ ಚಹಾದ ಗುಟ್ಟೇ ಬೇರೆ. ಆಕೆ ಕಂಪ್ಯೂಟರಿನ ಗುಂಡಿ ಒತ್ತಿ, ಗ್ಯಾಸಿನ ಮೇಲೆ ನೀರಿಟ್ಟು, ಚಹಾ ಕುದಿಸಿ, ಸೋಸಿ, ಬಂದವರು ಅದನ್ನು ಕುಡಿದ ಮೇಲೆ ಕಪ್ಪು ತೊಳೆದಿಟ್ಟು ಬಂದರೆ ಆಗ ಪರದೆಯ ಮೇಲೆ ಏನಾದರೂ ಮೂಡುತ್ತಿತ್ತು. ಕೆಲವು ದಿನ ಎರಡನೇ ಚಹಾ ಬೇಕಾಗುತ್ತಿತ್ತು. ಅತ್ತೆ ಅಖ್ತರ ಬೇಗಂ ಒಮ್ಮೆ ತಸ್ಬಿ ಹಿಡಿದು ಕೂತವರು, ನೂರು ಮಣಿಯ ಆ ಮಾಲೆಯನ್ನು ನಾಲ್ಕು ಸುತ್ತು ಮುಗಿಸಿ ತಲೆ ಎತ್ತಿದರೆ ಆ ಪೆಟ್ಟಿಗೆ ಇನ್ನೂ ಗೊರಗೊರ ಅನ್ನುತ್ತಲೇ ಇತ್ತಂತೆ.

ಆ ಪೆಟ್ಟಿಗೆಯೇ ಜಬೀನಾಳ ಬದುಕು. ನಲವತ್ತೊಂದರ ಹೆಂಗಸು, ಪಿಯುಸಿವರೆಗೆ ಓದಿದಾಕೆ. ಹನ್ನೊಂದು ವರ್ಷದ ಹಿಂದೆ ಯಾವುದೋ ಆಫೀಸಿನ ಹಳೇ ಸಾಮಾನು ಹರಾಜಾದಾಗ ಗಂಡ ಅಸದ ಅದನ್ನು ಆಟೋದಲ್ಲಿ ಹೊತ್ತು ತಂದಿದ್ದ. "ಏನ್ ಮಾಡ್ತೀ ಇದನ್ನ?" ಎಂದು ಕೇಳಿದ್ದೂ ಅವನೇ. ಆಕೆ ರುಕ್ಕಾ ಮಾಡಿದಳು. ರುಕ್ಕಾ ಎಂದರೆ ಮುಸಲ್ಮಾನರ ಮನೆಯ ಲಗ್ನಪತ್ರಿಕೆ. ಒಂದು ಮಗ್ಗುಲಲ್ಲಿ ಉರ್ದು, ಇನ್ನೊಂದರಲ್ಲಿ ಕನ್ನಡ. ಆಕೆ ಮನೆಯಲ್ಲೇ ಕೂತು ಎರಡನ್ನೂ ಕೂಡಿಸಿ ಅಚ್ಚಿಗೆ ಕಳಿಸುತ್ತಾಳೆ.

ಕೇಳಲು ಸಲೀಸು. ಆದರೆ ರುಕ್ಕಾದ ಜೀವವಿರುವುದು ಕೆಳಗಿನ ಹಿರಿಯರ ಸಾಲಿನಲ್ಲಿ. ಯಾರ ಹೆಸರು ಮೊದಲು, ಯಾರದು ಆಮೇಲೆ, ಯಾರ ಹೆಸರಿನ ಮುಂದೆ ತೀರಿಕೊಂಡವರಿಗೆ ಬರೆಯುವ 'ಮರ್ಹೂಮ್' ಬರಬೇಕು, ಎಲ್ಲಕ್ಕೂ ಲೆಕ್ಕವಿದೆ. ಸೋದರತ್ತೆಯ ಗಂಡನೊಬ್ಬನ ಹೆಸರು ಬಿಟ್ಟುಹೋಯಿತೋ, ಮುಗಿಯಿತು, ಆ ಮನೆತನಕ್ಕೆ ಮನೆತನವೇ ಊಟಕ್ಕೆ ಬರುವುದಿಲ್ಲ. ಜಬೀನಾಳ ಹತ್ತಿರ ಆರುನೂರು ಚಿಲ್ಲರೆ ರುಕ್ಕಾಗಳಿದ್ದವು. ಒಂದು ಮನೆಯ ದೊಡ್ಡ ಮಗಳ ಮದುವೆಗೆ ಮಾಡಿದ್ದನ್ನು ಚಿಕ್ಕ ಮಗಳ ಮದುವೆಗೆ ತೆಗೆದರೆ ಸಾಕು, ಬಳಗವೆಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು. ಜನ ಮರೆತ ಹೆಸರು ಆ ಗೊರಗೊರ ಪೆಟ್ಟಿಗೆಗೆ ನೆನಪಿರುತ್ತಿತ್ತು.

ತಪ್ಪೇ ಮಾಡಿಲ್ಲವೇ ಅಂದರೆ, ಮಾಡಿದ್ದಾಳೆ, ಅದೂ ಎಂಥದ್ದು! ಎಂಟು ವರ್ಷದ ಹಿಂದೆ ಕಾಳಗಿಯ ಹಾಜಿಮಲಂಗ್ ಎಂಬ ಬಳೆ ವ್ಯಾಪಾರಿಯ ಕಿರಿಯ ಮಗನ ರುಕ್ಕಾ ಮಾಡುವಾಗ, ಅವಸರದಲ್ಲಿ, ಅವರ ತಂದೆಯ ಹೆಸರಿಗೆ ಹಾಕಬೇಕಾದ ಮರ್ಹೂಮನ್ನು ಅವರ ಹೆಸರಿಗೇ ಹಾಕಿ ಮುನ್ನೂರು ಪ್ರತಿ ಅಚ್ಚು ಹಾಕಿಸಿಬಿಟ್ಟಳು. ಮೂರನೇ ದಿನ ಬಾಗಿಲಲ್ಲಿ ಬಿಳಿ ಗಡ್ಡದ ಹಿರಿಯರೊಬ್ಬರು ನಿಂತಿದ್ದರು.

"ಬೇಟಿ, ನಾ ಹಾಜಿಮಲಂಗ್. ಕಬರಸ್ತಾನದಿಂದ ಸೀದಾ ಇಲ್ಲಿಗೇ ಬರ್ಲಿಕತ್ತೀನಿ ನೋಡು."

ಜಬೀನಾಳಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನ್ನಿಸಿತು. ಮುದುಕರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೆಂಡ್ತಿ ಅಳ್ಲಿಕತ್ತಾಳ, ಬೀಗರು ಫೋನ್ ಹಚ್ಚಿ ನನ್ನ ಬಲ್ಲೇ ಕೇಳ್ಲಿಕತ್ತಾರ, ಯಾವಾಗ ಹೋದ್ರು ಅಂತ!" ಜಬೀನಾ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಿಕೊಟ್ಟಳು. ಅಂದಿನಿಂದ ಆಕೆಯ ಮನೆಯಲ್ಲಿ ಒಂದು ಕಾಯಿದೆ ಹುಟ್ಟಿತು. ಬರೆದವಳೇ ಓದಿ ಅಚ್ಚಿಗೆ ಕಳಿಸುವಂತಿಲ್ಲ. ಇನ್ನೊಂದು ಬಾಯಿ ಗಟ್ಟಿಯಾಗಿ ಓದಿದ ಮೇಲೆಯೇ ಕೊನೆಯ ಗುಂಡಿ ಒತ್ತುವುದು. ಉರ್ದು ಮಗ್ಗುಲನ್ನು ಅಖ್ತರ ಬೇಗಂ ಓದುತ್ತಾರೆ. ಕನ್ನಡದ್ದು ಪಕ್ಕದ ಓಣಿಯ ಲುಂಬಿನಿಯ ಪಾಲು; ಆಕೆ ಚಿತ್ತಾಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಟೀಚರು.

ಈ ವರ್ಷ ಅದೇ ಹಾಜಿಮಲಂಗ್ ತಮ್ಮ ಹಿರಿಯ ಮಗನ ಮಗಳ ರುಕ್ಕಾಕ್ಕೆಂದು ಎರಡು ಬಸ್ಸು ಬದಲಿಸಿ ಬಂದರು. ಜಬೀನಾ ಗುಂಡಿ ಒತ್ತಿದಳು. ಒಂದು ಚಹಾ ಆಯಿತು, ಎರಡು ಆಯಿತು. ಪರದೆ ಬಂತು, ಆದರೆ ಫೈಲಿನ ಮೇಲೆ ಒತ್ತಿದರೆ ಬಿಳಿಚಿಕೊಂಡು ನಿಂತಿತು. ಆರಿಸಿ ಮತ್ತೆ ಹಚ್ಚಿದಳು. ಮೂರನೇ ಚಹಾಕ್ಕೆ ಮುದುಕರು ಕೈ ಅಡ್ಡ ಹಿಡಿದರು.

"ಸಾಕು ಬೇಟಿ, ನನಗ ಸಕ್ಕರಿ ಅದ. ಬಸ್ಸಿನ ಟೈಮ್ ಆಯ್ತು. ವಾಡಿಯೊಳಗ ಯಾವ್ದೋ ಹೊಸ ಅಂಗಡಿ ಆಗ್ಯದಂತ, ಅಲ್ಲೇ ನೋಡ್ತೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ."

ಬೈದಿದ್ದರೆ ಚೆನ್ನಾಗಿತ್ತು. ಸತ್ತವರ ಸಾಲಿಗೆ ಸೇರಿಸಿದಾಗಲೂ ಬಿಟ್ಟುಹೋಗದ ಮನುಷ್ಯ ಇವತ್ತು ತಲೆ ಸವರಿ ಹೊರಟುಹೋದ! ಜಬೀನಾ ಬಾಗಿಲು ಹಾಕಿಕೊಂಡು ಅತ್ತಳು. ಆಮೇಲೆ ಸಿಟ್ಟು ಬಂತು. ಕಾಳಗಿಯ ಆ ಬಳಗ ಕೈತಪ್ಪಿದರೆ ಹಿಂದೆಯೇ ಉಳಿದವರೂ ಹೋಗುತ್ತಾರೆ, ಇಷ್ಟು ವರ್ಷ ಜೋಡಿಸಿಟ್ಟ ಹೆಸರುಗಳು ಪೆಟ್ಟಿಗೆಯೊಳಗೇ ಕೊಳೆಯುತ್ತವೆ. ಇದು ಆಕೆಗೆ ಕನ್ನಡಿಯಷ್ಟು ಸ್ಪಷ್ಟವಿತ್ತು.

ಪೆಟ್ಟಿಗೆಯನ್ನು ಕಲಬುರಗಿಯ ಒಂದು ಅಂಗಡಿಗೆ ಒಯ್ದಳು. ಅಂಗಡಿಯವನು ಮುಚ್ಚಳ ಕೂಡ ತೆಗೆಯಲಿಲ್ಲ.

"ಅಕ್ಕಾರ, ಇದು ಕಬಾಡಿಗಿ ಹಾಕೋ ಮಾಲು. ಹೊಸಾದು ತಗೋರಿ."

"ಇದರಾಗಿನ ರುಕ್ಕಾ ಹೊಸಾದ್ರಾಗ ಬರ್ತಾವೇನ್ರಿ?"

"ಫೈಲ್ ಬರ್ತಾವ. ಆದ್ರ ಅವನ್ನ ತೆರಿಯೋ ಆ ಹಳೇ ಉರ್ದು ಸಾಫ್ಟ್‌ವೇರ್ ಬರಂಗಿಲ್ಲ. ಅದರ ಸೀಡಿ ಅದೇನು ನಿಮ್ಮ ಬಲ್ಲಿ?"

ಸೀಡಿ ಮುರಿದು ಆರು ವರ್ಷವಾಗಿತ್ತು. ಆ ಸಾಫ್ಟ್‌ವೇರ್ ಇಲ್ಲದಿದ್ದರೆ ಪೆನ್‌ಡ್ರೈವಿಗೆ ಹಾಕಿಕೊಂಡ ಫೈಲುಗಳೂ ಬೀಗದ ಕೈ ಕಳೆದ ಟ್ರಂಕಿನಂತೆಯೇ. ಜಬೀನಾ ಪೆಟ್ಟಿಗೆ ಎತ್ತಿಕೊಂಡು ತಿರುಗಿ ಬಂದಳು.

ದಾರಿ ತೋರಿಸಿದವಳು ಲುಂಬಿನಿ. "ಆಪಾ, ನಮ್ಮ ಸಾಲ್ಯಾಗಿನ ಕಂಪ್ಯೂಟರ್‌ದೂ ಹಿಂಗೇ ಆಗಿತ್ತು. ಒಳಗಿನ ಡಿಸ್ಕ್ ಅಷ್ಟೇ ತೆಗ್ದು ಎಸ್‌ಎಸ್‌ಡಿ ಅಂತ ಒಂದು ಹಾಕ್ಯಾರ. ಹಳೇದ್ರಾಗ ಗ್ರಾಮೋಫೋನಿನಂಗ ಒಂದು ತಟ್ಟಿ ತಿರಗಬೇಕು, ಅದರ ಮ್ಯಾಲ ಮುಳ್ಳು ಹುಡುಕಬೇಕು. ಇದರಾಗ ತಿರಗೋದು ಗಿರಗೋದು ಏನೂ ಇಲ್ಲ. ಹಳೇ ಡಿಸ್ಕಿನಾಗ ಇದ್ದದ್ದು ಇದ್ದಂಗೇ ನಕಲು ತಗೋಬಹುದಂತ, ಸಾಫ್ಟ್‌ವೇರ್ ಸಮೇತ."

"ಯಾರು ಮಾಡಿಕೊಡ್ತಾರ?"

"ಅದೇ ಗೊತ್ತಿಲ್ಲ ನೋಡ್ರಿ."

"ಹಂಗಾದ್ರ ನಾನೇ ಮಾಡ್ತೀನಿ," ಎಂದಳು ಜಬೀನಾ. ಹಟಕ್ಕೆ ಬಿದ್ದ ಹೆಂಗಸು. ಮೂರು ದಿನ ರೊಟ್ಟಿ ಬಡಿಯುವಾಗಲೂ ಮೊಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿಟ್ಟು ವೀಡಿಯೊ ನೋಡಿದಳು. ಯಾವ ತಂತಿ ಎಲ್ಲಿಗೆ ಎಂಬುದನ್ನು ಹಳೇ ರುಕ್ಕಾದ ಬೆನ್ನಿಗೆ ಬರೆದುಕೊಂಡಳು. ಎಸ್‌ಎಸ್‌ಡಿ ಪಾರ್ಸೆಲಿನಲ್ಲಿ ಬಂತು. ಅಖ್ತರ ಬೇಗಂ ಅದನ್ನು ಅಂಗೈ ಮೇಲಿಟ್ಟು ತೂಗಿದರು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಅರೆ, ಇದರಾಗ ಏನೂ ಇಲ್ಲ! ಖಾಲಿ ಡಬ್ಬಿ ಕಳಿಸ್ಯಾರ ನಿನಗ. ವಾಪಸ್ ಕಳಸು."

"ಅಮ್ಮೀ, ಅದು ಇರೋದೇ ಹಗುರ."

"ಊರ ಮಂದಿ ಹೆಸರೆಲ್ಲಾ ಈ ಖಾರಬಿಸ್ಕೀಟಿನಾಗ ಕುಂದ್ರತಾವೇನು? ನಿನಗ ಯಾರೋ ಟೋಪಿ ಹಾಕ್ಯಾರ."

ಭಾನುವಾರ ಬೆಳಿಗ್ಗೆ ಕೆಲಸ ಶುರುವಾಯಿತು. ಹೊಲಿಗೆ ಮಷೀನಿನ ತಿರುಪುಳಿಯಿಂದಲೇ ಜಬೀನಾ ಮುಚ್ಚಳ ಬಿಚ್ಚಿದಳು. ಒಳಗೆ ಫರಸಿ ಕಲ್ಲಿನ ಬಿಳಿ ಧೂಳು ಬೆರಳು ದಪ್ಪ ಕೂತಿತ್ತು. ಓಣಿಯ ತುದಿಗೇ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಿದ್ದ ಮೇಲೆ ಕೂರದೆ ಏನು ಮಾಡೀತು? ಬಣ್ಣದ ಬ್ರಶ್ಶಿನಿಂದ ಗುಡಿಸಿದಳು. ಹೊಸ ಡಬ್ಬಿಯನ್ನು ಕೂರಿಸಬೇಕಾದ ಜಾಗ ದೊಡ್ಡದು, ಡಬ್ಬಿ ಸಣ್ಣದು, ತಿರುಪು ತಾಗಲೊಲ್ಲದು. ರುಕ್ಕಾ ಕಟ್ಟುವ ಜರಿ ರಿಬ್ಬನ್ ತಂದು ಬಿಗಿದು ಗಂಟು ಹಾಕಿದಳು. ಮದುವಣಗಿತ್ತಿಯ ಹಾಗೆ ಕಾಣುತ್ತದೆ ಎಂದು ಅತ್ತೆ ಮೊದಲ ಸಲ ಮೆಚ್ಚಿದರು.

ಹಳೆಯದು, ಹೊಸದು, ಎರಡೂ ತಂತಿಗೆ ಸಿಕ್ಕವು. ಪೆಟ್ಟಿಗೆ ಎಂದಿನಂತೆ ಒಂದು ಚಹಾದ ಹೊತ್ತು ತಿಂದು ಎದ್ದಿತು. ನಕಲು ಮಾಡುವ ಸಾಫ್ಟ್‌ವೇರ್ ತೆರೆದಳು. ಪರದೆಯ ಮೇಲೆ ಅಕ್ಕಪಕ್ಕ ಎರಡು ಚೌಕಗಳು. ಯಾವ ಡಿಸ್ಕಿನಿಂದ, ಯಾವ ಡಿಸ್ಕಿಗೆ ಎಂದು ತುಂಬಬೇಕು. ಮೊದಲು ಹಳೆಯದು, ಆಮೇಲೆ ಹೊಸದು, ಇದರಲ್ಲೇನಿದೆ? ಜಬೀನಾ ತಡವರಿಸದೆ ತುಂಬಿದಳು. ಕೊನೆಗೆ ಕೆಂಪು ಅಕ್ಷರದಲ್ಲಿ ನಾಲ್ಕು ಸಾಲು ಇಂಗ್ಲಿಷ್ ಬಂತು. ಇಂಥ ಸಾಲುಗಳನ್ನು ಯಾರು ಓದುತ್ತಾರೆ? ಆಕೆಯ ಬೆರಳು ಗುಂಡಿಯ ಮೇಲೆ ಇತ್ತು.

ಅಲ್ಲೇ ನಿಂತಿತು. ಎಂಟು ವರ್ಷದ ಕಾಯಿದೆ ಬೆರಳನ್ನು ಹಿಡಿದುಕೊಂಡಿತು. ಕೊನೆಯ ಗುಂಡಿ ಇದು, ಬರೆದವಳು ತಾನು, ಓದಿದವರು ಯಾರು?

"ಅಮ್ಮೀ, ಲುಂಬಿನೀನ್ನ ಕರೀರಿ!"

ಲುಂಬಿನಿ ಕೂದಲಿಗೆ ಎಣ್ಣೆ ಹಚ್ಚಿಕೊಂಡಿದ್ದಳು, ಹಾಗೆಯೇ ಬಂದಳು. ಕಾಯಿದೆಯಂತೆ ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿದಳು. "ಇಲ್ಲಿ ಬರದದ ಆಪಾ, ಐನೂರು ಜೀಬಿ ಡಿಸ್ಕಿನಾಗ ಇದ್ದದ್ದೆಲ್ಲಾ ಅಳಿಸಿ ಹೋಗ್ತದ, ತಿರುಗಿ ಬರಂಗಿಲ್ಲ, ಶುರು ಮಾಡ್ಲೇನು ಅಂತ ಕೇಳ್ಲಿಕತ್ತದ. ಐನೂರರದ್ದು ಯಾವ್ದು, ಹೊಸಾದೇನ್ರಿ?"

ಜಬೀನಾ ಗುಂಡಿಯಿಂದ ಕೈ ಹಿಂದಕ್ಕೆಳೆದುಕೊಂಡಳು. "ಹೊಸಾದು ಎರಡುನೂರ ಐವತ್ತಾರರದ್ದು. ಐನೂರು... ಐನೂರು ಹಳೇದು."

"ಯವ್ವಾ! ಉಲ್ಟಾ ಹಾಕೀರಿ ನೀವು! ಖಾಲಿದ್ದು ತುಂಬಿದ್ದರ ಮ್ಯಾಲ ಬರೀತಿತ್ತು!"

ಬಲದಿಂದ ಎಡಕ್ಕೆ ಓಡುವ ಉರ್ದುವನ್ನು ಹನ್ನೊಂದು ವರ್ಷ ಕೂಡಿಸಿದ ಕಣ್ಣು ಅದು. ಬಲಗಡೆಯದು ಮೊದಲು, ಎಡಗಡೆಯದು ಆಮೇಲೆ. ಹಾಗೆ ಬಲದ ಚೌಕಕ್ಕೆ ಹಳೆಯದನ್ನೂ ಎಡದ ಚೌಕಕ್ಕೆ ಹೊಸದನ್ನೂ ಇಟ್ಟುಬಿಟ್ಟಿದ್ದಳು. ಆ ಸಾಫ್ಟ್‌ವೇರ್ ಮಾಡಿದವರಿಗೆ ಎಡದಿಂದ ಬಲಕ್ಕೆ ಬಿಟ್ಟರೆ ಬೇರೆ ದಾರಿ ಗೊತ್ತಿರಲಿಲ್ಲ. ಒಂದು ಬೆರಳಿನ ಒತ್ತಿಗೆ ಆರುನೂರು ಮದುವೆಗಳು ಸುಟ್ಟು ಬೂದಿಯಾಗುತ್ತಿದ್ದವು. ಜಬೀನಾ ನೆಲದ ಮೇಲೆ ಕೂತಳು. ಅಖ್ತರ ಬೇಗಂ ನೀರು ಕುಡಿಸಿದರು, ಲುಂಬಿನಿ ಎಣ್ಣೆಗೈಯಿಂದಲೇ ಬೆನ್ನು ತಟ್ಟಿದಳು.

ಆಮೇಲೆ ಜಬೀನಾ ಎದ್ದು ಮುಖ ತೊಳೆದು ಬಂದಳು. ಚೌಕಗಳನ್ನು ಅದಲುಬದಲು ಮಾಡಿದಳು. ಲುಂಬಿನಿ ಮತ್ತೆ ಓದಿದಳು, ಒಂದು ಸಲವಲ್ಲ, ಮೂರು ಸಲ. "ಈಗ ಬರೋಬರಿ ಅದ. ಒತ್ತರಿ ಆಪಾ." ಜಬೀನಾ ಬಿಸ್ಮಿಲ್ಲಾ ಎಂದು ಒತ್ತಿದಳು.

ನಕಲು ಮುಗಿಯಲು ಎರಡು ತಾಸು ಹಿಡಿಯಿತು. ಆರಿಸಿ, ಹಳೆಯ ಡಿಸ್ಕಿನ ತಂತಿ ಕಿತ್ತು, ಅದನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟಳು. ಪೆಟ್ಟಿಗೆಯ ಗುಂಡಿ ಒತ್ತಿದಳು. ಹನ್ನೊಂದು ವರ್ಷದ ಅಭ್ಯಾಸ ನೋಡಿ, ಒತ್ತಿದವಳೇ ಚಹಾಕ್ಕೆ ನೀರಿಡಲು ಅಡುಗೆಮನೆಗೆ ನಡೆದಳು. ಲೈಟರ್ ಇನ್ನೂ ಕೈಯಲ್ಲೇ ಇತ್ತು.

"ಜಬೀನಾ! ಏ ಜಬೀನಾ! ಬಂತು ನೋಡು!"

"ಏನು ಬಂತು ಅಮ್ಮೀ?"

"ಎಲ್ಲಾ ಬಂತು! ಹದಿನೆಂಟು ಮಣಿ! ಹತ್ತೊಂಬತ್ತನೇದು ಇನ್ನೂ ಬೆರಳಾಗೇ ಅದ!"

ಓಡಿ ಬಂದಳು. ಪರದೆ ತೆರೆದುಕೊಂಡು ಕಾಯುತ್ತಿತ್ತು. ಗೊರಗೊರವಿಲ್ಲ, ಸದ್ದೇ ಇಲ್ಲ. ಉರ್ದು ಸಾಫ್ಟ್‌ವೇರಿನ ಮೇಲೆ ಒತ್ತಿದಳು, ತೆರೆಯಿತು. ಆರುನೂರು ಚಿಲ್ಲರೆ ರುಕ್ಕಾಗಳೂ ಇದ್ದವು. ನಂಬಿಕೆಯಾಗದೆ ಆರಿಸಿದಳು, ಮತ್ತೆ ಹಚ್ಚಿದಳು. ಅತ್ತೆ ಮತ್ತೆ ಎಣಿಸಿದರು, ಹದಿನೆಂಟೇ. ಮೂರನೇ ಸಲ ಲುಂಬಿನಿ ತಾನೇ ಒತ್ತುತ್ತೇನೆಂದು ಹಟ ಹಿಡಿದಳು. ಆ ಸಂಜೆ ವಾಡಿಯಿಂದ ಕೆಲಸ ಮುಗಿಸಿ ಬಂದ ಅಸದನನ್ನು ಬೂಟು ಬಿಚ್ಚಲೂ ಬಿಡದೆ ಎದುರಿಗೆ ಕೂರಿಸಿ ತೋರಿಸಿದರು. ಇಷ್ಟು ದಿನ ಸೋಮಾರಿ ಎನ್ನಿಸಿಕೊಂಡಿದ್ದ ಪೆಟ್ಟಿಗೆ ಈಗ ಮನೆಯವರನ್ನೆಲ್ಲ ಸೋಮಾರಿಗಳ ಸಾಲಿಗೆ ಸೇರಿಸಿತ್ತು.

ಮರುದಿನ ಜಬೀನಾ ಕಾಳಗಿಗೆ ಫೋನ್ ಹಚ್ಚಿದಳು. "ಚಾಚಾ, ರುಕ್ಕಾ ಅಚ್ಚಾಯ್ತೇನ್ರಿ?"

"ಎಲ್ಲಿ ಬೇಟಿ! ವಾಡಿ ಅಂಗಡಿ ಹುಡುಗ ಹೆಸರು ಬರ್ಕೊಂಡು ಬರ್ರಿ ಅಂದಾನ. ನಾಕು ದಿನದಿಂದ ಬರೀಲಿಕತ್ತೀನಿ. ಚಿಂಚೋಳಿ ಕಡಿಯವರು ನೆನಪಾದ್ರ ಸೇಡಂ ಕಡಿಯವರು ಮರೀತಾರ."

"ಬರ್ರಿ ಚಾಚಾ. ಎಲ್ಲಾರೂ ಇಲ್ಲೇ ಕುಂತಾರ."

ಮಂಗಳವಾರ ಬಂದರು. ಬಾಗಿಲಲ್ಲಿ ಅವರ ಚಪ್ಪಲಿಯ ಸದ್ದು ಕೇಳಿದ ಮೇಲೆಯೇ ಜಬೀನಾ ಗುಂಡಿ ಒತ್ತಿದಳು, ಬೇಕೆಂದೇ. ಸಲಾಂ ಹೇಳಿ, ಕುರ್ಚಿ ಎಳೆದುಕೊಂಡು, ಚೀಲ ಕೆಳಗಿಟ್ಟು, ಚಷ್ಮಾ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ಎಂಟು ವರ್ಷದ ಹಿಂದಿನ ಅವರ ಮಗನ ರುಕ್ಕಾ ಎದುರಿಗೆ ಬಂದು ನಿಂತಿತ್ತು. ಮುದುಕರು ಪೆಟ್ಟಿಗೆಯನ್ನು ನೋಡಿದರು, ಜಬೀನಾಳನ್ನು ನೋಡಿದರು.

"ಹೊಸಾದು ತಗೊಂಡೇನು?"

"ಇಲ್ರಿ ಚಾಚಾ, ಅದೇ. ಒಳಗಿನ ಡಿಸ್ಕ್ ಅಷ್ಟೇ ನನ್ನ ಕೈಲೇ ಬಿಚ್ಚಿ ಹೊಸಾದು ಹಾಕೀನಿ." ಹೇಳುವಾಗ ಜಬೀನಾಳ ಎದೆ ಉಬ್ಬಿತ್ತು. ಉಬ್ಬಲಿ, ಉಬ್ಬಬೇಕು.

"ನಿಮ್ಮ ಮನಿ ಕಾಯಿದೆ ಅದ ಅಲ್ಲಾ, ನಾನೇ ಓದ್ತೀನಿ," ಎಂದು ಅವರು ಪರದೆಗೆ ಬೆರಳಿಟ್ಟು ಒಂದೊಂದೇ ಹೆಸರು ಗಟ್ಟಿಯಾಗಿ ಓದಿದರು. ತಮ್ಮನ ಹೆಸರಿನ ಹತ್ತಿರ ಧ್ವನಿ ಇಳಿಯಿತು. "ಇವನ ಮುಂದ ಹಾಕು ಬೇಟಿ. ಹೋದ ವರ್ಷ ಹೋದ." ಜಬೀನಾ ಮೆಲ್ಲಗೆ 'ಮರ್ಹೂಮ್' ಸೇರಿಸಿದಳು. ಮುದುಕರು ಕಣ್ಣೊರೆಸಿಕೊಂಡು ಮುಂದೆ ಓದಿದರು. ಅಂಗಡಿಯವನಿಗೆಂದು ಬರೆದ ಚೀಟಿಯಲ್ಲಿ ಹನ್ನೊಂದು ಹೆಸರು ಬಿಟ್ಟುಹೋಗಿದ್ದವು, ಇಲ್ಲಿ ಹನ್ನೊಂದೂ ಸಿಕ್ಕವು. ಕೊನೆಗೆ ಅವರ ಬೆರಳು ಅವರದೇ ಹೆಸರಿಗೆ ಬಂದು ನಿಂತಿತು. ಬಗ್ಗಿ, ಚಷ್ಮಾ ಮೇಲೆತ್ತಿ, ಹೆಸರಿನ ಹಿಂದೆ ಮುಂದೆ ಎರಡು ಸಲ ಹುಡುಕಿದರು.

"ಆ ಮಾತು ಇಲ್ಲಲ್ಲ?"

"ಇಲ್ರಿ ಚಾಚಾ."

"ಹಂಗಾದ್ರ ನಾ ಜಿಂದಾ ಇದ್ದೀನಿ. ನಿನ್ನ ಪೆಟ್ಟಿಗಿನೂ ಜಿಂದಾ ಆಗಿ ಬಂತು." ಹಾಜಿಮಲಂಗ್ ಕುರ್ಚಿಗೆ ಒರಗಿ ಕಾಲು ಚಾಚಿದರು. "ಈಗ ತಾ ಚಹಾ. ಇವತ್ತ ಯಾವ ಪೆಟ್ಟಿಗಿಗೂ ಕಾಯೋದಿಲ್ಲ, ಸುಮ್ನ ಕುಡೀತೀನಿ."